ತೊಳೆದ ಕಡಲಪಾಚಿ

ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನನಗೆ ಬೇಕಾಗಿದ್ದದ್ದು ಲೋಳೆ. ಇದನ್ನು ಮನೆಯಲ್ಲಿ ಹೇಳಿದ ದಿನ ಅಪ್ಪ ತುತ್ತನ್ನು ಬಾಯಿಗೆ ಒಯ್ಯುವುದನ್ನು ಮರೆತು ನನ್ನ ಮುಖವನ್ನೇ ನೋಡಿದರು. ಓದಿಸಿದ್ದು ಹೆಚ್ಚಾಯಿತೇನೋ ಎಂಬ ಅನುಮಾನ ಅವರ ಕಣ್ಣಲ್ಲಿತ್ತು.

ಸಮುದ್ರದೊಳಗಿನ ಬಂಡೆಗಳಿಗೆ ಅಂಟಿಕೊಂಡು ದೊಡ್ಡ ಪಾಚಿಗಳು ಬೆಳೆಯುತ್ತವೆ. ಕೆಲವು ಎಳೆ ವೀಳ್ಯದೆಲೆಗಿಂತ ತೆಳ್ಳಗೆ, ಹಸಿರಾಗಿರುತ್ತವೆ. ಕೆಲವು ಕಂದು ಬಣ್ಣದವು, ಮೊಳದುದ್ದದವು, ಮೈತುಂಬ ಮೆಣಸಿನ ಕಾಳಿನಷ್ಟು ಗಾತ್ರದ ಗಾಳಿಗುಳ್ಳೆಗಳಿರುವವು. ಈ ಪಾಚಿಗಳ ಮೈಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬೇರೆ ಪಾಚಿಗಳು ಮನೆ ಮಾಡಿಕೊಂಡಿರುತ್ತವೆ. ಕೈಗೆ ಸಿಗುವುದು ಲೋಳೆ ಮಾತ್ರ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಲೋಳೆಯಲ್ಲಿ ಗಾಜಿನ ಚಿಪ್ಪಿನ ಜೀವಗಳು ಕಾಣುತ್ತವೆ. ದೋಣಿಯಾಕಾರದವು, ದಂಟಿನ ತುದಿಯಲ್ಲಿ ಬೀಸಣಿಗೆ ಬಿಚ್ಚಿ ನಿಂತವು, ಒಂದರ ಮೂಲೆಯನ್ನೊಂದು ಹಿಡಿದು ಸಾಲಾಗಿರುವವು, ಅಂಗಾತ ಮಲಗಿ ಎಲೆಗೆ ಕಚ್ಚಿಕೊಂಡ ಅಂಡಾಕಾರದವು. ಇವು ತಮಗೆ ಇಂಥದೇ ಕಡಲಪಾಚಿ ಬೇಕೆಂದು ಆರಿಸಿಕೊಂಡು ಕೂರುತ್ತವೆಯೋ, ಇಲ್ಲ ಸಿಕ್ಕಿದ ಕಡೆ ಕೂರುತ್ತವೆಯೋ? ನನ್ನ ಪ್ರಬಂಧದ ಪ್ರಶ್ನೆ ಇಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜು ದಿಂಡಿಗಲ್ಲಿನಲ್ಲಿ, ಮನೆ ಕಂಬಂ ಕಣಿವೆಯ ದ್ರಾಕ್ಷಿ ತೋಟಗಳ ನಡುವೆ. ಎರಡೂ ಕಡೆಯಿಂದ ಸಮುದ್ರಕ್ಕೆ ದಿನಗಟ್ಟಲೆ ಅನ್ನಿಸುವಷ್ಟು ಬಸ್ ಪ್ರಯಾಣ. ಆದರೂ ಈ ವಿಷಯವನ್ನು ನನಗೆ ಕೊಟ್ಟವರು ನಮ್ಮ ಪ್ರಾಧ್ಯಾಪಕಿ. ಅವರು ಕರಾವಳಿಯವರು, ದಿಂಡಿಗಲ್ಲಿನ ಧೂಳಿನಲ್ಲಿ ಕೂತು ಸಮುದ್ರವನ್ನು ನೆನೆಯುತ್ತಿದ್ದವರು. ಮೌಖಿಕ ಪರೀಕ್ಷೆಗೆ ರಾಮನಾಥಪುರದ ಕಡೆಯ ಒಬ್ಬ ಹಿರಿಯ ವಿಜ್ಞಾನಿ ಬರುತ್ತಾರೆ, ಕೆಲಸ ಮೆಚ್ಚಿಗೆಯಾದರೆ ಎರಡು ವರ್ಷ ಕಡಲ ದಂಡೆಯಲ್ಲೇ ಇದ್ದು ಸಂಶೋಧನೆ ಮಾಡಲು ಒಬ್ಬರನ್ನು ತೆಗೆದುಕೊಳ್ಳುತ್ತಾರೆ ಎಂದು ಅವರು ಹೇಳಿದ್ದರು. ಆ ಒಬ್ಬರು ನಾನಾಗಬೇಕಿತ್ತು. ನನಗೆ ಅದು ಬಿಟ್ಟು ಬೇರೇನೂ ಬೇಕಿರಲಿಲ್ಲ. ಊಟಕ್ಕೆ ಕೂತರೂ ಅದೇ, ನಿದ್ದೆ ಬಂದರೂ ಅದೇ.

ತೊಡಕಿದ್ದದ್ದು ಮನೆಯಲ್ಲಿ. ನಮ್ಮವರು ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ನಾಡು ಬಿಟ್ಟು ದನಕರುಗಳ ಜೊತೆ ಈ ಕಣಿವೆಗೆ ಬಂದವರಂತೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈಗ ಬರೆಯುತ್ತಿರುವ ಈ ಕನ್ನಡ ಲಿಪಿಯನ್ನು ನಾನು ಕಲಿತದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಹಟಕ್ಕೆ ಬಿದ್ದು. ನಮ್ಮ ಮನೆತನದಲ್ಲಿ ಸಮುದ್ರಕ್ಕೆ ಯಾರೂ ಸುಮ್ಮನೆ ಹೋಗುವುದಿಲ್ಲ. ತಂದೆಯೋ ತಾಯಿಯೋ ಗಂಡನೋ ತೀರಿಕೊಂಡ ಮೇಲೆ ರಾಮೇಶ್ವರಕ್ಕೆ ಒಂದು ಸಲ ಹೋಗಿ, ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ ಬರುತ್ತಾರೆ. ಬಂದವರು ಊರ ಹೊರಗಿನ ಕಾಲುವೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಉಟ್ಟದ್ದು ತಂದದ್ದು ಎಲ್ಲವನ್ನೂ ಹರಿಯುವ ನೀರಿನಲ್ಲಿ ಜಾಲಿಸಿ, ಆಮೇಲೆ ಮನೆಯೊಳಗೆ ಕಾಲಿಡಬೇಕು. ಕಡಲ ನೀರು ಒಂದು ಹನಿಯೂ ಒಳಗೆ ಬರಕೂಡದು. ಹಾಗಿರುವಾಗ, ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗಿರುವ ಮನೆಯಿಂದ ಮಗಳು ಕಡಲಿಗೆ ಹೊರಟರೆ ಏನರ್ಥ?

"ನಾನಿನ್ನೂ ಬದ್ಕಿವ್ನಲ್ಲ ಪುಳ್ಳೆ," ಎಂದರು ಅಪ್ಪ. ಪುಳ್ಳೆ ಅಂದರೆ ಹುಡುಗಿ, ನಮ್ಮಲ್ಲಿ ಮುದ್ದಿಗೂ ಬೈಗುಳಕ್ಕೂ ಅದೇ. ಅವರು ನಗುತ್ತಲೇ ಹೇಳಿದರು, ಆದರೆ ಹಿಂದಿನ ವರ್ಷ ಎದೆನೋವೆಂದು ತೇನಿಯ ಆಸ್ಪತ್ರೆಯಲ್ಲಿ ಮಲಗಿ ಬಂದವರು. ಆ ನಗು ಅಮ್ಮನಿಗೆ ಹಿಡಿಸಲಿಲ್ಲ.

ನನ್ನ ಪರವಾಗಿ ನಿಂತವಳು ಅತ್ತೆ. ಅಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು, ಬಂದ ವಾರದಲ್ಲೇ ಮನೆಯ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಅವಳು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಮಾತಿಲ್ಲ. "ಪುಸ್ತಕದ ವೇಲೆಗೆ ಹೋಗೋದ್ ಬೇರೆ, ಸಾವಿನ ವೇಲೆಗೆ ಹೋಗೋದ್ ಬೇರೆ. ಒಂದ್ ಸಲ ಹೋಯ್ಟು ಬರ್ಲಿ ಬುಡಣ್ಣ," ಎಂದಳು. ವೇಲೆ ಅಂದರೆ ಕೆಲಸ. ಅಪ್ಪ ಒಂದೇ ಒಂದು ಸಲ ಎಂದು ಒಪ್ಪಿಕೊಂಡರು.

ಸಮುದ್ರದ ಬಗ್ಗೆ ಹೆಚ್ಚು ಹೇಳಲಾರೆ. ಮೊಣಕಾಲುದ್ದ ನೀರಿನಲ್ಲಿ ಪ್ರಾಧ್ಯಾಪಕಿಯ ಹಿಂದೆ ಬಾಗಿಕೊಂಡು ನಡೆದೆ, ಬುಡ ಹಿಡಿದು ಕತ್ತರಿಸಿದೆ, ಎಲೆಯ ಮೈಯನ್ನು ಮುಟ್ಟದೆ ಕ್ಯಾನಿಗೆ ಇಳಿಸಿದೆ. ಕೆಡದಿರಲೆಂದು ಒಂದಿಷ್ಟು ಫಾರ್ಮಲಿನ್ ಹಾಕಿದೆವು. ಮೀನಿನ ವಾಸನೆ, ಆಸ್ಪತ್ರೆಯ ವಾಸನೆ, ನನ್ನ ಸಂತೋಷ, ಎಲ್ಲ ಕಲಸಿಹೋಗಿತ್ತು. ಅಷ್ಟರಲ್ಲಿ ಪೊಂಗಲ್ ರಜೆ. ದಿಂಡಿಗಲ್ಲಿನ ಪ್ರಯೋಗಾಲಯಕ್ಕೆ ಬೀಗ. ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಮದುರೈಯಲ್ಲಿ ಬಸ್ಸು ಬದಲಿಸಿ, ಆಂಡಿಪಟ್ಟಿ, ತೇನಿ ದಾಟಿ, ಬೆಳಗಿನ ಬಸ್ಸಿಗೆ ಊರು ಮುಟ್ಟಿದೆ.

ಕಾಲುವೆಯ ಹತ್ತಿರ ಅತ್ತೆ ಚೊಂಬು ಹಿಡಿದು ಕಾಯುತ್ತಿದ್ದಳು. ನನ್ನ ತಲೆಗೆ ನೀರು ಸುರಿದಳು, ಒಣ ಸೀರೆ ಕೊಟ್ಟಳು, ಕ್ಯಾನನ್ನು ತಾನು ಎತ್ತಿಕೊಂಡಳು. ಮುಚ್ಚಳ ತೆಗೆಯಬೇಡ ಎಂದು ಹೇಳಿದೆನೋ ಇಲ್ಲವೋ, ಅಷ್ಟು ನಿದ್ದೆ. ಒಳಗೆ ಹೋಗಿ ಬಿದ್ದವಳು ಎದ್ದಾಗ ಬಿಸಿಲು ಇಳಿದಿತ್ತು.

ಹಿತ್ತಲಲ್ಲಿ ಅತ್ತೆ ಕೂತಿದ್ದಳು. ಪಕ್ಕದಲ್ಲಿ ಕ್ಯಾನು, ಫಳಫಳ ಹೊಳೆಯುತ್ತಿತ್ತು. ಬಗ್ಗಿ ನೋಡಿದೆ. ನನ್ನ ಪಾಚಿಗಳು ತಿಳಿನೀರಿನಲ್ಲಿ ತೇಲುತ್ತಿದ್ದವು. ಹಸಿರು ಹಸಿರಾಗಿ, ಕಂದು ಕಂದಾಗಿ, ಮದುವೆಗೆ ಸಿದ್ಧವಾದವರ ಹಾಗೆ ಶುದ್ಧವಾಗಿ.

"ಏನ್ ಪುಳ್ಳೆ, ಬಾಯ್ ಬುಟ್ಕೊಂಡ್ ನಿಂತ್ಬುಟ್ಟೆ?"

"ಅತ್ತೆ, ಇದ್ನ ತೊಳ್ದ್ ಬುಟ್ಯಾ?"

"ತೊಳೀದೆ? ಒಂದೇ ನಾತ. ಆಸ್ಪತ್ರಿ ನಾತ. ಮೇಲೆಲ್ಲ ಕೊಳಕೊಳ ಅಂತಿತ್ತು. ಕೀರೆ ಸೊಪ್ಪು ತೊಳ್ಯಂಗೆ ಒಂದೊಂದ್ ಎಲೇನೂ ಬೆರಳ್ನಾಗೆ ಉಜ್ಜಿ ಉಜ್ಜಿ ವಾಯ್ಕಾಲ್ನಾಗೆ ಚುತ್ತಮಾ ಚೊಕ್ಕವಾಗಿ ತೊಳ್ದಿವ್ನಿ. ಆ ಕೆಟ್ಟ ನೀರ್ನ ಗುಂಡಿ ತೋಡಿ ಸುರ್ದ್ ಬುಟ್ಟೆ. ಪಾಪ, ಕಡಲ್ದಲ್ವಾ, ಬಾಡೀತು ಅಂತ ವಾಯ್ಕಾಲ್ ನೀರಿಗೆ ಒಂದ್ ಹಿಡಿ ಕಲ್ಲುಪ್ಪೂ ಹಾಕಿವ್ನಿ."

ನನಗೆ ಕಿರುಚಬೇಕೆನಿಸಿತು. ಕಿರುಚಲು ಸಿಟ್ಟು ಬೇಕಲ್ಲ, ಆ ಕಲ್ಲುಪ್ಪಿನ ಮಾತು ಕೇಳಿದ ಮೇಲೆ ಸಿಟ್ಟು ಎಲ್ಲಿ ಹೋಗಿ ಕೂತಿತೋ. ಮೆಟ್ಟಿಲ ಮೇಲೆ ಕೂತೆ.

"ಅದ್ರ ಮೇಲಿದ್ದದ್ದೇ ನಂಗ್ ಬೇಕಾಗಿತ್ತು ಅತ್ತೆ."

"ಅಳುಕ್ಕಾ?" ಕೊಳೆಗೆ ಅವಳು ಬಳಸುವ ತಮಿಳು ಮಾತು ಅದು.

"ಅಳುಕ್ಕಲ್ಲ. ಅವೆಲ್ಲ ಉಯಿರು. ಕಣ್ಗ್ ಕಾಣದ್ ಜೀವ."

ಅತ್ತೆಯ ಮುಖ ಬಿಳಿಚಿತು. "ಹಂಗಾರೆ ನಾನ್ ಕೊಂದ್ ಬುಟ್ನಾ?"

"ಇಲ್ಲ. ಕೊಂದದ್ ನಾನೇ, ಮದ್ದ್ ಹಾಕಿ."

"ಸತ್ತದ್ದಾ?" ಅವಳ ಉಸಿರು ತಿರುಗಿ ಬಂತು. "ಸತ್ತದ್ನ ತೊಳ್ದ್ರೆ ಏನಾಯ್ತು ಬುಡು ನನ್ ಕಣ್ಣು."

ಅವಳು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ನಮ್ಮ ಮನೆಯ ಕನ್ನಡದಲ್ಲಿ ಈ ಸಂಗತಿಯನ್ನು ಬಿಡಿಸಿ ಹೇಳಲು ನನಗೆ ಬರಲಿಲ್ಲ, ತಮಿಳಿನಲ್ಲಿ ಹೇಳಿದ್ದರೆ ಕಾಲೇಜಿನವಳು ಜಂಬ ಮಾಡುತ್ತಾಳೆ ಎಂದುಕೊಳ್ಳುತ್ತಿದ್ದಳು. ಸಂಜೆ ಅಮ್ಮನೇ ನನಗೆ ತಿಳಿಸಿದಳು. ಅತ್ತೆ ಗಂಡನ ಕಾರ್ಯಕ್ಕೆ ರಾಮೇಶ್ವರಕ್ಕೆ ಹೋಗಿದ್ದಾಗ, ಬಂದ ದಿನ ಮಳೆಯೆಂದು ಆತುರದಲ್ಲಿ ಕಾಲುವೆಗೆ ಇಳಿಯದೆ, ಕಡಲಲ್ಲಿ ಮಿಂದ ಸೀರೆಯಲ್ಲೇ ಮನೆಯೊಳಗೆ ಬಂದುಬಿಟ್ಟಳಂತೆ. ಆ ತಿಂಗಳು ಕಳೆಯುವುದರೊಳಗೆ ಅವಳ ಅಪ್ಪ, ಅಂದರೆ ನನ್ನ ತಾತ, ಹೋಗಿಬಿಟ್ಟರು. ಈಗ ಉಳಿದಿರುವುದು ಅಣ್ಣ. ಅಣ್ಣನಿಗೆ ಎದೆನೋವು. ಅವಳು ಆ ಎಲೆಗಳನ್ನು ಉಜ್ಜಿದ್ದು ಯಾತಕ್ಕೆಂದು ನನಗೆ ಆಗ ತಿಳಿಯಿತು. ತಿಳಿದು ಇನ್ನಷ್ಟು ಗೊಂದಲಕ್ಕೆ ಬಿದ್ದೆ. ಯಾರ ಮೇಲೆ ರೇಗುವುದು?

ರಜೆ ಮುಗಿದ ಮೇಲೆ ಕ್ಯಾನು ಹೊತ್ತು ಬತ್ತಲಗುಂಡು ದಾರಿಯಾಗಿ ದಿಂಡಿಗಲ್ಲಿಗೆ ಹೋದೆ. ಬರೀ ಎಲೆ ಇರುತ್ತದೆ, ಇರಲಿ ಎಂದು ಗಾಜಿನ ಮೇಲೆ ಒಂದು ಚೂರು ಹರಡಿ ನೋಡಿದೆ. ಖಾಲಿ ಇರಲಿಲ್ಲ. ಅದೇ ನನ್ನ ತಲೆ ಕೆಡಿಸಿದ್ದು. ದಂಟಿನ ಮೇಲಿನ ಬೀಸಣಿಗೆಗಳು ಇಲ್ಲ, ಸಾಲುಗಳು ಇಲ್ಲ. ಅಂಗಾತ ಕಚ್ಚಿಕೊಂಡ ಅಂಡಾಕಾರದವು ಮಾತ್ರ ಅಲ್ಲಲ್ಲಿ ಕೂತಿವೆ. ಅವುಗಳ ನಡುವೆ ಕೆಲವು ದೋಣಿಗಳು. ಇವು ಅತ್ತೆಯ ಬೆರಳಿಗೂ ಬಿಡದೆ ಕೂತ ಸಮುದ್ರದವೋ? ಇಲ್ಲ ಕಾಲುವೆಯ ನೀರಿನಲ್ಲಿ ಬಂದು ಹತ್ತಿಕೊಂಡವೋ? ಉಪ್ಪು ಹಾಕಿದ ಕಾಲುವೆ ನೀರು, ಅದರಲ್ಲಿ ಕಡಲಪಾಚಿ. ಇಂಥ ಸಮುದ್ರ ಭೂಮಿಯ ಮೇಲೆ ಎಲ್ಲೂ ಇಲ್ಲ.

ಮುಂದಿನ ವಾರ ಊರಿಗೆ ಹೋಗಿ, ಕಾಲುವೆಯ ಕಲ್ಲನ್ನು ಕೆರೆದು, ಆ ಲೋಳೆಯನ್ನು ಸೀಸೆಯಲ್ಲಿ ತಂದೆ. ಹೋಲಿಸಿ ನೋಡಿದರೆ ಗೊತ್ತಾಗುತ್ತದೆ ಎಂದು ನಂಬಿದ್ದೆ. ಅದರಲ್ಲೂ ಅಂಡಾಕಾರದವು! ಒಂದೇ ಕುಲದವು, ಉಪ್ಪುನೀರಿನ ದಾಯಾದಿ ಬೇರೆ, ಸಿಹಿನೀರಿನ ದಾಯಾದಿ ಬೇರೆ, ಚಿಪ್ಪಿನ ಮೇಲಿನ ಚುಕ್ಕಿಗೆರೆಗಳನ್ನು ಎಣಿಸಿದರೆ ವ್ಯತ್ಯಾಸ ತಿಳಿಯುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ನಮ್ಮ ಕಾಲೇಜಿನ ದೊಡ್ಡ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಚುಕ್ಕಿ ಕಾಣಬೇಕಾದ ಜಾಗದಲ್ಲಿ ಮಂಜು. ಒಂದು ದಿನ ಎಲ್ಲವೂ ಸಮುದ್ರದವೆನಿಸುತ್ತಿದ್ದವು. ಮಾರನೆಯ ದಿನ ಎಲ್ಲವೂ ನಮ್ಮೂರಿನವು. ಕಣ್ಣು ಒತ್ತಿ ಒತ್ತಿ ನೋಡಿ, ಕೊನೆಗೆ ನನ್ನ ರೆಪ್ಪೆಯನ್ನೇ ಹೊಸ ಜಾತಿಯೆಂದುಕೊಂಡು ಚಿತ್ರ ಬರೆದದ್ದೂ ಉಂಟು.

ಹಾಸ್ಟೆಲಿನ ತಮಿಳು ಗೆಳತಿಯೊಬ್ಬಳು ಇದನ್ನೆಲ್ಲ ಕೇಳಿ ನಕ್ಕಳು. "ನಿಮ್ಮವರ ಹಾಗೇ ಬಿಡು. ನಮ್ಮ ಮೇಲೆ ಕೂತು, ಒಳಗೊಳಗೆ ಬೇರೆ ಭಾಷೆ ಮಾತಾಡೋದು," ಎಂದಳು. ತಮಾಷೆಗೇ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. ಅವು ಕೂತ ಎಲೆಯನ್ನು ತಿನ್ನುವುದಿಲ್ಲ, ಬಿಸಿಲು ಕುಡಿದು ಬದುಕುತ್ತವೆ, ಯಾರ ಹಂಗೂ ಇಲ್ಲ ಅವಕ್ಕೆ ಎಂದು ಜೋರಾಗಿ ಹೇಳಿದೆ. ಹೇಳಿದ ಮೇಲೆ, ನಾನು ಯಾರ ಪರವಾಗಿ ಜಗಳವಾಡುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ಅವಳು ಪಾಪ, ಅರ್ಧ ದೋಸೆ ನನ್ನ ತಟ್ಟೆಗೆ ಹಾಕಿದಳು.

ಪ್ರಾಧ್ಯಾಪಕಿಗೆ ನಡೆದದ್ದನ್ನು ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ತಲೆ ಹಿಡಿದುಕೊಂಡರು. "ಅನುಮಾನ ಇರುವುದನ್ನೆಲ್ಲ ಬಿಟ್ಟು ಬರಿ," ಎಂದರು.

"ಎಲ್ಲದರ ಮೇಲೂ ಅನುಮಾನವಿದೆ ಮೇಡಂ."

"ಹಾಗಾದರೆ ಏನು ಮಾಡಬೇಕೋ ನನಗೂ ಗೊತ್ತಾಗುತ್ತಿಲ್ಲ," ಎಂದು ಅವರು ಕಿಟಕಿಯ ಹೊರಗೆ ನೋಡಿದರು. ಗೊತ್ತಿಲ್ಲದವರ ಗುಂಪಿಗೆ ಇನ್ನೊಬ್ಬರು ಸೇರಿದ್ದರಿಂದ ನನಗೆ ಸ್ವಲ್ಪ ಸಮಾಧಾನವಾಯಿತು ಅಷ್ಟೇ. ಕಂಡದ್ದನ್ನೆಲ್ಲ ಬರೆದೆ, ಕ್ಯಾನಿಗೆ ಏನಾಯಿತು ಎಂಬುದನ್ನೂ ಬರೆದೆ.

ಪರೀಕ್ಷೆಗೆ ಬಂದ ಹಿರಿಯರು ಸಣ್ಣ ಆಳು, ಬಿಸಿಲಿಗೆ ಸುಟ್ಟ ಮುಖ. ನೇರವಾಗಿ ಸೂಕ್ಷ್ಮದರ್ಶಕದ ಮುಂದೆ ಕೂತರು. ಬಹಳ ಹೊತ್ತು ನೋಡಿ, "ಇದು ಎಲ್ಲಿಯದು?" ಎಂದು ತಮಿಳಿನಲ್ಲಿ ಕೇಳಿದರು.

ಸಮುದ್ರದ್ದು ಎಂದುಬಿಡಲು ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿರಬಹುದಿತ್ತು. "ತೆರಿಯಲ ಸಾರ್," ಎಂದೆ. ಗೊತ್ತಿಲ್ಲ.

"ಯಾರು ತೊಳೆದದ್ದು?"

"ನಮ್ಮ ಅತ್ತೆ."

ಅವರು ನಗಲಿಲ್ಲ. ಪಾಸು ಮಾಡುತ್ತೇನೆ, ಆದರೆ ಈ ಎಲೆಗಳಿಂದ ಏನನ್ನೂ ಹೇಳಲಾಗುವುದಿಲ್ಲ ಎಂದರು. ತೆಂಕಣ ಗಾಳಿ ಎದ್ದು ನೀರು ಕದಡುವ ಮೊದಲು ಕಡಲಿಗೆ ಬಂದು ಹೊಸದಾಗಿ ಕೊಯ್ಯಬೇಕು, ಬಂದರೆ ಜಾಗ ನನ್ನದು, ಬರದಿದ್ದರೆ ಇನ್ನೊಬ್ಬರಿಗೆ. ಇಷ್ಟು ಹೇಳಿ ಅವರು ಕಾಫಿ ಕುಡಿಯಲು ಎದ್ದುಹೋದರು. ಗೆದ್ದೆನೋ ಸೋತೆನೋ ಅರ್ಥವಾಗದೆ ನಾನು ಅಲ್ಲೇ ನಿಂತಿದ್ದೆ. ಒಂದೇ ಸಲ ಎಂದು ಮಾತು ಕೊಟ್ಟು ಹೋಗಿ ಬಂದ ಕಡಲಿಗೆ ಈಗ ಇನ್ನೊಂದು ಸಲ ಹೋಗಬೇಕು. ಹೋಗಿ ಅಲ್ಲೇ ಇರಬೇಕು.

ಅಪ್ಪ ಒಪ್ಪಲಿಲ್ಲ. ಕೋಪ ಮಾಡಿಕೊಳ್ಳಲಿಲ್ಲ, ಒಪ್ಪಲಿಲ್ಲ ಅಷ್ಟೇ. "ಒಂದ್ ಸಲ ಅಂತಲ್ವಾ ಮಾತು," ಎಂದು ತೋಟಕ್ಕೆ ಹೊರಟರು. ಮೂರು ದಿನ ಅಳುವುದು, ಊಟ ಬಿಡುವುದು, ಬಾಗಿಲು ಬಡಿಯುವುದು ಎಲ್ಲ ಮಾಡಿದೆ. ಅತ್ತೆ ನೋಡಿಯೂ ನೋಡದ ಹಾಗಿದ್ದಳು. ಆಮೇಲೆ ಒಂದು ಬೆಳಿಗ್ಗೆ, ಅಪ್ಪ ಜಗಲಿಯಲ್ಲಿ ಕೂತು ಕಾಲಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಾಗ, ಅವರ ಎದುರಿಗೇ ನನ್ನನ್ನು ಕೇಳಿದಳು.

"ನಾನ್ ತೊಳ್ದದ್ಕಾ ಇದೆಲ್ಲ?"

"ಹೂಂ," ಎಂದೆ. ಸಿಟ್ಟು ಕೊನೆಗೂ ಸಿಕ್ಕಿತ್ತು. "ನೀ ತೊಳೀದೆ ಇದ್ದಿದ್ರೆ ಅವತ್ತೇ ನಂಗ್ ಜಾಗ ಸಿಕ್ತಿತ್ತು."

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡಳು. ಕೈ ಒಣಗಿಯೇ ಇತ್ತು.

"ತಿರ್ಗಾ ತಂದ್ರೆ ತಿರ್ಗಾ ತೊಳೀತೀನಿ ಪುಳ್ಳೆ. ಸುಳ್ಳ್ ಹೇಳ್ನಾರೆ. ನನ್ ಕೈ ಸುಮ್ನಿರಕಿಲ್ಲ. ಅಣ್ಣ ಇರೋಗಂಟ ಆ ನೀರು ಈ ಮನೆ ವಾಸ್ಲು ದಾಟಂಗಿಲ್ಲ." ಆಮೇಲೆ ಅಪ್ಪನ ಕಡೆ ತಿರುಗಿ, "ಅವ್ಳು ಹೋಗ್ಲಿ ಅಣ್ಣ," ಎಂದಳು.

ಅಪ್ಪ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ನನಗೆ ಕಿವಿಯನ್ನು ನಂಬಲಾಗಲಿಲ್ಲ. ಓಡಿಹೋಗಿ ಅವಳ ಕೈ ಹಿಡಿಯೋಣವೆಂದು ಎದ್ದೆ.

"ಹೋಗು," ಎಂದಳು ಅತ್ತೆ. "ಹೋದ್ರೆ ಬರ್ಬೇಡ."

"ಏನತ್ತೆ?"

"ವೇಲೆ ಮುಗಿಯೋಗಂಟ ಬರ್ಬೇಡ. ದಿನಾ ಆ ನೀರಾಗೆ ನಿಲ್ಲೋ ಕಾಲು. ಎಷ್ಟ್ ಸಲಾ ಅಂತ ನಿನ್ನ ತೊಳೀಲಿ ನಾನು?"

"ಪೊಂಗಲ್ಗೂ?"

"ಪೊಂಗಲ್ಗೂ ಬರ್ಬೇಡ."

ನಮ್ಮ ಮನೆಯಲ್ಲಿ ಪಕ್ಕದ ಮನೆಗೆ ಹಾಲು ಕೊಡಲು ಹೋಗುವವರಿಗೂ ಹೋಯ್ಟು ಬಾ ಎನ್ನುತ್ತಾರೆ. ಬರಬೇಡ ಎಂಬ ಮಾತನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಬಾಯಿ ತೆರೆದರು, ಅತ್ತೆ ಅವರನ್ನು ನೋಡಿದಳು, ಅವರು ಮುಚ್ಚಿಕೊಂಡರು. ನನಗೆ ಬೇಕಾದದ್ದು ಸಿಕ್ಕಿತ್ತು, ಇಡೀ ಎರಡು ವರ್ಷದ ಸಮುದ್ರ. ಖುಷಿಯಾಗಬೇಕಿತ್ತು. ಕಪಾಳಕ್ಕೆ ಬಿಗಿಸಿಕೊಂಡವಳ ಹಾಗೆ ನಿಂತಿದ್ದೆ.

ಹೊರಟ ದಿನ ಬಸ್ಸು ನಿಲ್ಲುವ ಕಾಲುವೆ ದಡದ ತನಕ ಅತ್ತೆಯೇ ಬಂದಳು. ನನ್ನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ದಾರಿಯುದ್ದಕ್ಕೂ ದ್ರಾಕ್ಷಿಯ ಬೆಲೆ, ಹಸುವಿನ ಕೆಚ್ಚಲು ಬಾವು, ನನ್ನ ಜಡೆ ಸರಿಯಾಗಿ ಹೆಣೆದಿಲ್ಲ ಎಂಬುದು, ಎಲ್ಲ ಮಾತಾಡಿದಳು. ಬಸ್ಸು ಬಂತು. ಅಭ್ಯಾಸಬಲದಿಂದ "ಹೋಯ್ಟು ಬರ್ತೀನತ್ತೆ" ಎಂದೆ. ಅವಳು ತುಟಿ ಬಿಗಿಹಿಡಿದು ತಲೆಯಾಡಿಸಿದಳು, ಹೂಂ ಅಂದಳೋ ಊಹೂಂ ಅಂದಳೋ ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

ಕಿಟಕಿಯಿಂದ ತಿರುಗಿ ನೋಡಿದಾಗ ಅವಳು ಆಗಲೇ ಕಾಲುವೆಗೆ ಇಳಿದಿದ್ದಳು. ಸೀರೆ ಒದ್ದೆಯಾಗುವುದನ್ನೂ ಲೆಕ್ಕಿಸದೆ ಸೊಂಟದ ತನಕ ನಿಂತು, ಬೊಗಸೆ ಬೊಗಸೆಯಾಗಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಳು. ನನ್ನನ್ನು ತನ್ನ ಮೈಯಿಂದ ತೊಳೆದುಕೊಳ್ಳುತ್ತಿದ್ದಳೋ, ಅಳುತ್ತಿದ್ದಳೋ, ಅಷ್ಟು ದೂರದಿಂದ ನನಗೆ ತಿಳಿಯಲಿಲ್ಲ. ಬಸ್ಸು ನಿಲ್ಲಿಸಿ ಎಂದು ಕೂಗಲು ಎದ್ದೆ. ಕೂಗದೆ ಕೂತೆ.